ಅಮಾನತಿನಲ್ಲಿ ಕಲ್ಲು ಉರುಳಿಸಿದ ದಿನಗಳು

೧೨ ಜನವರಿ ೨೦೧೧, ಬುಧವಾರ

ಇಪ್ಪತ್ತೆರಡು ವರ್ಷ ದಿನವೂ ಲಾಗ್‌ಶೀಟ್ ತುಂಬಿದ ಕೈ ಇದು. ಎಷ್ಟಕ್ಕೆ ಬಿಟ್ಟೆ, ಎಷ್ಟಕ್ಕೆ ಮುಟ್ಟಿದೆ, ಎಷ್ಟು ಕಿಲೋಮೀಟರ್, ಎಷ್ಟು ಡೀಸೆಲ್. ಈಗ ತುಂಬಲು ಏನೂ ಇಲ್ಲ. ವಿಮೆ ಏಜೆಂಟ್ ಕೊಟ್ಟಿದ್ದ ಈ ಡೈರಿ ಕಪಾಟಿನಲ್ಲಿ ಬಿದ್ದಿತ್ತು, ತೆಗೆದುಕೊಂಡು ಕೂತಿದ್ದೇನೆ. ಇದನ್ನು ಯಾರೂ ಓದಬಾರದು. ನನ್ನ ಹೆಂಡತಿ ಶೇವಂತಿಯೂ ಓದಬಾರದು.

ಕಳೆದ ಗುರುವಾರ, ಆರನೇ ತಾರೀಖು. ಮುಧೋಳದಿಂದ ಜಮಖಂಡಿಗೆ ಬರುವ ಬೆಳಗಿನ ಬಸ್ಸು. ಬನಹಟ್ಟಿ ಬಿಟ್ಟು ರಬಕವಿ ಕಡೆ ಬರುವಾಗ ಮಂಜು ಇತ್ತು. ರಸ್ತೆ ಬದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಟಾಯರ್ ಒಡೆದು ನಿಂತಿತ್ತು. ಅದರ ಮರೆಯಿಂದ ಸೈಕಲ್ ಅಡ್ಡ ಬಂತು.

ಸೈಕಲ್ ಸವಾರನ ಹೆಸರು ಹೊಳೆಪ್ಪ. ರಬಕವಿಯ ನೇಕಾರ, ಅರವತ್ತರ ಆಸುಪಾಸು. ಕ್ಯಾರಿಯರ್ ಮೇಲಿನ ನೂಲಿನ ಗಂಟು ಬಿಚ್ಚಿಹೋಗಿ ಹಸಿರು ನೂಲು ರಸ್ತೆಯ ತುಂಬ ಹರಡಿತ್ತು. ಈಗ ಮಿರಜದ ಆಸ್ಪತ್ರೆಯಲ್ಲಿದ್ದಾರೆ. ಎಚ್ಚರವಿಲ್ಲ. ನನ್ನ ಮೇಲೆ ಕೇಸಾಗಿದೆ, ಜಾಮೀನು ಸಿಕ್ಕಿದೆ, ನೌಕರಿಯಿಂದ ಅಮಾನತು ಮಾಡಿದ್ದಾರೆ.

ಫೋನ್ ರಿಂಗಾದರೆ ತಕ್ಷಣ ಎತ್ತುವುದಿಲ್ಲ. ಹೊಳೆಪ್ಪ ಹೋದರು ಎಂಬ ಸುದ್ದಿಯೇ ಅದೆಂದುಕೊಳ್ಳುತ್ತೇನೆ. ರಸ್ತೆ ಕಡೆಯ ಕಿಟಕಿ ಮುಚ್ಚಿಸಿದ್ದೇನೆ. ಬಸ್ಸಿನ ಹಾರ್ನ್ ಕೇಳಲಾಗುವುದಿಲ್ಲ.

೧೫ ಜನವರಿ, ಶನಿವಾರ

ಸಂಕ್ರಾಂತಿ. ಮಗಳು ಮನೀಷಾ ನಿನ್ನೆ ಧಾರವಾಡದಿಂದ ಬಂದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಳೆ, ಭೂವಿಜ್ಞಾನ. ಶೇವಂತಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ ಎಲ್ಲ ಮಾಡಿದ್ದಳು. ನಾನು ಒಂದೇ ರೊಟ್ಟಿಗೆ ಕೈ ತೊಳೆದೆ. ಮಗಳ ಮುಖ ನೋಡಲಾಗುತ್ತಿಲ್ಲ. ಯಾಕೆಂದು ಇಲ್ಲಿ ಬರೆಯುವುದಿಲ್ಲ.

ಊಟವಾದ ಮೇಲೆ ಅವಳು ಅಟ್ಟದಿಂದ ಒಂದು ಬಟ್ಟೆ ಚೀಲ ಇಳಿಸಿ ನನ್ನ ಮುಂದೆ ಸುರಿದಳು. ಕಲ್ಲುಗಳು. ಹೋದ ಬೇಸಿಗೆಯಲ್ಲಿ ಅನಗವಾಡಿ ಊರಿನ ಕಡೆ ಹಿನ್ನೀರು ಇಳಿದಾಗ ಕಾಲೇಜಿನ ಕೆಲಸಕ್ಕೆಂದು ಹುಡುಗಿಯರೆಲ್ಲ ಹೋಗಿ ಆರಿಸಿ ತಂದದ್ದು.

"ನಮ್ಮ ಕಾಲೇಜಿನ್ಯಾಗ ಒಂದು ಯಂತ್ರ ಐತಿ ಅಪ್ಪಾ. ಡಬ್ಬ್ಯಾಗ ಕಲ್ಲು, ನೀರು, ಕಲ್ಲು ತಿಕ್ಕೂ ಕಾರ್ಬೊರಂಡಮ್ ಪುಡಿ ಹಾಕಿ ಹಗಲೂ ರಾತ್ರಿ ತಿರುಗಿಸ್ತಾರ. ತಿಂಗಳ ಮ್ಯಾಲೆ ಆಗ್ತೈತಿ. ಹೊಳಿ ಸಾವಿರ ವರ್ಷ ಮಾಡೂ ಕೆಲಸ ಅದು ಮಾಡ್ತೈತಿ."

"ಮಾಡಿದ ಮ್ಯಾಲೆ?"

"ಕನ್ನಡಿ ಹಂಗ ಹೊಳಿತಾವು."

"ಹೊಳದು ಏನ ಆಗೂದೈತಿ?"

"ಏನೂ ಇಲ್ಲ. ಕೈ ಖಾಲಿ ಇಡಬ್ಯಾಡ, ಅಷ್ಟ."

ಒಂದು ಕೆಂಪು ಕಲ್ಲನ್ನು ನಾಲಿಗೆಗೆ ತಾಗಿಸಿ ನನಗೆ ತೋರಿಸಿದಳು. ಒದ್ದೆಯಾದ ಕಡೆ ಬಣ್ಣ ಗಾಢವಾಗಿತ್ತು. "ಹೊಳಪು ಬಂದ ಮ್ಯಾಲೆ ಕಾಯಂ ಹಿಂಗ ಕಾಣ್ತೈತಿ" ಎಂದಳು. ನಾನು ಹೂಂ ಅಂದೆ. ಅವಳು ನಾಳೆ ಹೊರಡುತ್ತಾಳೆ.

೧೯ ಜನವರಿ, ಬುಧವಾರ

ಯಮನಪ್ಪ ಬಂದಿದ್ದ. ಅಂದು ನನ್ನ ಬಸ್ಸಿನ ಕಂಡಕ್ಟರ್ ಅವನೇ. ಒಂಬತ್ತು ವರ್ಷ ಜೊತೆಗೆ ಡ್ಯೂಟಿ ಮಾಡಿದ್ದೇವೆ.

"ಧರ್ಮಣ್ಣ, ನಾ ಪೊಲೀಸರ ಮುಂದ ಏನ ಹೇಳೀನಿ, ಅದನ್ನ ನೀನೂ ಹೇಳು. ಟ್ರ್ಯಾಕ್ಟರ್ ಮರಿಯಿಂದ ಸೈಕಲ್ ಬಂತು. ಮುಗೀತು."

"ನೀ ನೋಡಿದ್ಯೇನು?"

"ನಾ ಹಿಂದ ಟಿಕೀಟ ಕೊಡಾಕತ್ತಿದ್ದೆ. ಆದ್ರ ನೀ ಎಂದೂ ತಪ್ಪ ಮಾಡಿದಾಂವ ಅಲ್ಲ. ಮತ್ತ ಬ್ಯಾರೆ ಹ್ಯಾಂಗ ಆಗಿರ್ತೈತಿ?"

ಚಹಾ ಕುಡಿದು ಹೋದ. ನಾನು ಅವನ ಲೋಟ ತೊಳೆದಿಟ್ಟೆ.

ಹೊಳೆಪ್ಪನವರಿಗೆ ಇನ್ನೂ ಎಚ್ಚರವಿಲ್ಲ.

೨೭ ಜನವರಿ, ಗುರುವಾರ

ಮನೀಷಾ ದಿನವೂ ಫೋನ್ ಮಾಡಿ ಕಲ್ಲಿನದನ್ನೇ ಕೇಳುತ್ತಿದ್ದಳು. ಅವಳ ಸಮಾಧಾನಕ್ಕಾದರೂ ಆಗಲಿ ಎಂದು ಚನಮಲ್ಲಪ್ಪನಿಗೆ ಹೇಳಿದೆ. ಅವನು ನನ್ನ ಶಾಲೆಯ ಗೆಳೆಯ, ಬನಹಟ್ಟಿಯಲ್ಲಿ ಮಗ್ಗದ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. "ಬಾ, ಅಂಗಡ್ಯಾಗ ಕೂತು ಮಾಡೂಣು" ಎಂದ. ಆ ರಸ್ತೆ ದಾಟಿ ಬರಲಾರೆ ಎನ್ನದೆ, ನೋಡೋಣ ಎಂದೆ. ಅವನಿಗೆ ಹೊಳೆದಿರಬೇಕು, ಇವತ್ತು ತಾನೇ ಎಲ್ಲವನ್ನೂ ಗೋಣಿ ಚೀಲದಲ್ಲಿ ತುಂಬಿಕೊಂಡು ಬಂದ. ನೂಲು ಸುತ್ತುವ ಯಂತ್ರದ ಹಳೆ ಮೋಟಾರ್, ಒಂದು ಸಣ್ಣ ಪುಲ್ಲಿ, ಒಂದು ದೊಡ್ಡದು, ಎರಡು ಕಬ್ಬಿಣದ ಸರಳು, ಬೇರಿಂಗು, ಬೆಲ್ಟು.

ಹಿತ್ತಿಲಿನ ಸ್ನಾನದ ಮನೆಯ ಪಕ್ಕ ಜೋಡಿಸಿದೆವು. ಸರಳುಗಳಿಗೆ ರಬ್ಬರ್ ಪೈಪ್ ತೊಡಿಸಿದೆವು. ಅವುಗಳ ಮೇಲೆ ಡಬ್ಬಿ ಅಡ್ಡ ಮಲಗಿ ತಿರುಗುತ್ತದೆ. ಡಬ್ಬಿ ಎಂದರೆ ಗೇಣುದ್ದದ ದಪ್ಪ ಪ್ಲಾಸ್ಟಿಕ್ ಪೈಪಿನ ತುಂಡು, ಒಳಗೆ ಟ್ಯೂಬಿನ ರಬ್ಬರ್ ಅಂಟಿಸಿ ಎರಡೂ ಕಡೆ ಮುಚ್ಚಳ. ಪುಡಿಯನ್ನು ಚನಮಲ್ಲಪ್ಪ ಇಳಕಲ್ಲಿನ ಗ್ರಾನೈಟ್ ಅಂಗಡಿಯಿಂದ ತರಿಸಿದ್ದ, ನಾಲ್ಕು ಪೊಟ್ಟಣ. ಎಂಬತ್ತು ನಂಬರಿನದು ಒರಟು, ಸಕ್ಕರೆಯಷ್ಟು. ಆಮೇಲೆ ಇನ್ನೂರ ಇಪ್ಪತ್ತು, ನಾನೂರು, ಕೊನೆಗೆ ಹಿಟ್ಟಿನಂಥ ಪಾಲಿಶ್ ಪುಡಿ.

ನನ್ನ ಕೈಯ ಸ್ಪ್ಯಾನರ್ ಎರಡು ಸಲ ನಟ್ಟಿನಿಂದ ಜಾರಿತು. "ಲೇ ಧರ್ಮಾ, ನೀ ಹಿಡಕೋ, ನಾ ತಿರವ್ತೀನಿ" ಎಂದ, ಅಷ್ಟೇ.

ಸಂಜೆ ಐದಕ್ಕೆ ಚಾಲೂ ಮಾಡಿದೆವು. ಗರಗರ ಸದ್ದು. ಅಕ್ಕಪಕ್ಕದವರು ಏನೆನ್ನುತ್ತಾರೋ.

೨೯ ಜನವರಿ, ಶನಿವಾರ

ಎರಡು ದಿನದಲ್ಲಿ ಹನ್ನೊಂದು ಸಲ ಡಬ್ಬಿ ತೆರೆದು ನೋಡಿದೆ. ಏನೂ ಆಗಿಲ್ಲ. ಒಳಗೆ ಏನೋ ಕೆಟ್ಟಿದೆ, ಮುಚ್ಚಳ ಸೋರುತ್ತದೆ, ಮೋಟಾರ್ ಸುಡುತ್ತದೆ ಎಂದು ಅನ್ನಿಸುತ್ತಲೇ ಇರುತ್ತದೆ. ಕರೆಂಟ್ ಹೋದರೆ ಅದರ ಮುಂದೆ ಕೂತು ಬರುವುದನ್ನೇ ಕಾಯುತ್ತೇನೆ. ನಿನ್ನೆ ನಾಲ್ಕು ತಾಸು ಕೂತೆ.

ಮಗಳು ಫೋನಿನಲ್ಲಿ ಕೇಳಿದಳು, "ಡಬ್ಬಿ ಎಷ್ಟ ತುಂಬೀದಿ?"

"ಕಂಠಮಟ."

"ಅದಕ್ಕ! ಜಾಗಾ ಇಲ್ಲಂದ್ರ ಕಲ್ಲು ಉರುಳೂದು ಹ್ಯಾಂಗ? ಮೂರರಾಗ ಎರಡ ಪಾಲು ತುಂಬು. ನೀರು ಕಲ್ಲಿಗಿಂತ ಒಂಚೂರು ಕೆಳಗ ಇರ್ಲಿ. ಮತ್ತ ವಾರ ಮುಟ್ಟಬ್ಯಾಡ."

ವಾರ! ಅವಳಿಗೇನು, ಹೇಳುತ್ತಾಳೆ.

೩ ಫೆಬ್ರವರಿ, ಗುರುವಾರ

ಹೊಳೆಪ್ಪನವರಿಗೆ ಎಚ್ಚರ ಬಂದಿದೆ. ಚನಮಲ್ಲಪ್ಪ ಫೋನ್ ಮಾಡಿ ಹೇಳಿದ. ಕಾಲಿಗೆ ಸರಳು ಹಾಕಿದ್ದಾರೆ, ಮಾತು ಬರುತ್ತಿದೆ.

ದೇವರ ಮುಂದೆ ದೀಪ ಹಚ್ಚಿದೆ. ಬತ್ತಿ ಹೊತ್ತಿಕೊಳ್ಳುವ ಮೊದಲೇ ಇನ್ನೊಂದು ಯೋಚನೆ ಬಂತು: ಮಾತು ಬಂತೆಂದರೆ ಏನು ಹೇಳುತ್ತಾರೆ? ಹಾಗೆ ಯೋಚಿಸಿದೆನಲ್ಲ. ಕಡ್ಡಿ ಬೆರಳು ಸುಟ್ಟಿತು.

೮ ಫೆಬ್ರವರಿ, ಮಂಗಳವಾರ

ಇವತ್ತು ಮನೆಯಲ್ಲಿ ರಾದ್ಧಾಂತ. ಮೊದಲ ಹಂತ ಮುಗಿಯಿತೆಂದು ಡಬ್ಬಿ ತೆರೆದೆ. ಹಾಕಿದ ಕಲ್ಲಿನಲ್ಲಿ ಎಂಟು ಕಾಣಿಸಲೇ ಇಲ್ಲ! ಒಳಗೆ ಬರೀ ಬೂದು ಕೆಸರು. ಸ್ನಾನದ ಮನೆಯಲ್ಲಿ ಸುರಿದು, ಬಕೆಟ್ಟುಗಟ್ಟಲೆ ನೀರು ಹಾಕಿ ಉಳಿದ ಕಲ್ಲು ತೊಳೆದೆ. ಅಂಗನವಾಡಿಯ ಕೆಲಸ ಮುಗಿಸಿ ಶೇವಂತಿ ಬರುವಷ್ಟರಲ್ಲಿ ಸ್ನಾನದ ಮನೆ ಕೆರೆಯಾಗಿತ್ತು. ಕೆಸರು ಮೋರಿಯ ಪೈಪಿನಲ್ಲಿ ಸಿಮೆಂಟಿನಂತೆ ಕೂತುಬಿಟ್ಟಿತ್ತು.

"ಇನ್ನ ಜಳಕಾ ಎಲ್ಲಿ ಮಾಡೂದ್ರಿ? ಹೊಳಿಗಿ ಹೋಗೂಣೇನು?" ಎಂದಳು.

ಇಬ್ಬರೂ ಕೂತು ಕಬ್ಬಿಣದ ಸಳಿ ಹಾಕಿ ಕುಟ್ಟಿದೆವು. ಎರಡು ತಾಸಿನ ಮೇಲೆ ನೀರು ಗುಳುಗುಳು ಎಂದು ಇಳಿಯಿತು. ಶೇವಂತಿಯ ಕೆನ್ನೆಯ ಮೇಲೆಲ್ಲ ಬೂದು ಚುಕ್ಕೆ. ಅವಳಿಗೆ ನಗು ಬಂತು. ಆ ಕ್ಷಣ ನನಗೂ ಬಂದಿತ್ತೇನೋ, ಗೊತ್ತಿಲ್ಲ.

ಕಾಣೆಯಾದವು ಸುಣ್ಣದ ಕಲ್ಲುಗಳಂತೆ. ಮೆತ್ತನೆಯವನ್ನೂ ಗಟ್ಟಿಯವನ್ನೂ ಕೂಡಿ ಹಾಕಬಾರದು, ಗಟ್ಟಿಯವು ಮೆತ್ತನೆಯವನ್ನು ತಿಂದುಬಿಡುತ್ತವೆ. ಮೊಳೆಯಿಂದ ಗೀರಿ ನೋಡಿ ಆರಿಸಬೇಕಿತ್ತು ಎಂದಳು ಮನೀಷಾ. ಮೊದಲೇ ಹೇಳಬಾರದಿತ್ತೇ? ಗಟ್ಟಿ ಜಾತಿಯ ಬೆಣಚುಕಲ್ಲು, ಕೆಂಪು ಜಾಸ್ಪರ್, ಎರಡು ಅಕೀಕು ಉಳಿದಿವೆ. ಕೆಸರು ಇನ್ನು ಮುಂದೆ ಗಿಡದ ಬುಡಕ್ಕೆ.

೨೧ ಫೆಬ್ರವರಿ, ಸೋಮವಾರ

ಮೊನ್ನೆ ಡಿಪೊದಿಂದ ಆರೋಪಪತ್ರ ಬಂತು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಯಮನಪ್ಪ ಒಬ್ಬ ವಕೀಲರ ಕಡೆಯಿಂದ ಬರೆಸಿ ತಂದ ಕಾಗದವನ್ನು ನನ್ನ ಅಕ್ಷರದಲ್ಲಿ ಇಳಿಸಿದೆ. "ಸೈಕಲ್ ಸವಾರನು ನಿಂತಿದ್ದ ಟ್ರ್ಯಾಕ್ಟರಿನ ಮರೆಯಿಂದ ಏಕಾಏಕಿ ಅಡ್ಡ ಬಂದಿದ್ದರಿಂದ ಅಪಘಾತ ಸಂಭವಿಸಿರುತ್ತದೆ." 'ಏಕಾಏಕಿ' ಎಂಬಲ್ಲಿ ಮೂರು ಸಲ ಚಿತ್ತಾಯಿತು. ಹೊಸ ಹಾಳೆ ತೆಗೆದುಕೊಂಡೆ. ಅದರಲ್ಲೂ ಚಿತ್ತಾಯಿತು. ಹಾಗೆಯೇ ಸಹಿ ಹಾಕಿ ಕೊಟ್ಟೆ.

ಹೊಳೆಪ್ಪನವರಿಗೆ ಅಂದಿನದು ಏನೂ ನೆನಪಿಲ್ಲವಂತೆ. ಯಮನಪ್ಪ ಇದನ್ನು ಖುಷಿಯಿಂದ ಹೇಳಿದ.

೨ ಮಾರ್ಚ್, ಬುಧವಾರ

ಬರೆದುಬಿಡುತ್ತೇನೆ.

ಟ್ರ್ಯಾಕ್ಟರ್ ದಾಟಿ ಆಗಿತ್ತು. ಬಹಳ ಹಿಂದೆ ಉಳಿದಿತ್ತು. ಅಂಗಿಯ ಜೇಬಿನಲ್ಲಿ ಫೋನ್ ರಿಂಗಾಯಿತು. ಗಾಡಿ ಹೊಡೆಯುವಾಗ ನಾನು ಫೋನ್ ಮುಟ್ಟಿದವನಲ್ಲ. ಆದರೆ ಅಷ್ಟು ಬೆಳಗ್ಗೆ ನನಗೆ ಯಾರೂ ಮಾಡುವುದಿಲ್ಲ. ಏನೋ ಆಗಿದೆ ಎನ್ನಿಸಿತು. ಒಂದು ಕೈ ಬಿಟ್ಟು ತೆಗೆದೆ. ಮನೀಷಾ ಎಂದಿತ್ತು. ಓದಿದೆ. ತಲೆ ಎತ್ತಿದಾಗ ಎಡಗಡೆಯ ಗಾಲಿ ಡಾಂಬರು ಬಿಟ್ಟು ಇಳಿದಿತ್ತು. ಮುಂದೆ ಸೈಕಲ್ ರಸ್ತೆಯ ಎಡ ಅಂಚಿನಲ್ಲಿ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿತ್ತು. ಕ್ಯಾರಿಯರಿನ ಹಸಿರು ಗಂಟು ಕಂಡಿತು.

ಅವರು ಅಡ್ಡ ಬರಲಿಲ್ಲ. ನಾನು ಹಿಂದಿನಿಂದ ಹೊಡೆದೆ.

ಫೋನ್ ಆಗಲೂ ರಿಂಗಾಗುತ್ತಿತ್ತು.

ಇದನ್ನು ಹೇಳಿದರೆ ಯಾರ ಫೋನು ಎಂದು ಕೇಳುತ್ತಾರೆ. ಮಗಳ ಹೆಸರು ಬರುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿ, ಜೀವನವಿಡೀ ಇದನ್ನು ಹೊತ್ತುಕೊಂಡು ತಿರುಗಬೇಕೇ? ಅವಳಿಗೆ ಗೊತ್ತಾಗಬಾರದು.

೩ ಮಾರ್ಚ್, ಗುರುವಾರ

ನಿನ್ನೆಯ ಹಾಳೆ ಹರಿಯಲು ತೆಗೆದೆ. ಹರಿಯಲಿಲ್ಲ.

೨೩ ಮಾರ್ಚ್, ಬುಧವಾರ

ಮೂರನೆಯ ಹಂತ ಮುಗಿದು ಕಲ್ಲು ತೊಳೆದರೆ ಎಲ್ಲದರ ಮೈಮೇಲೂ ಗೀರು. ಮುಚ್ಚಳದ ಒಳಗಿನ ಗೆರೆಯಲ್ಲಿ ಎಂಬತ್ತರ ಪುಡಿಯ ನಾಲ್ಕು ಹರಳು ಸಿಕ್ಕಿಕೊಂಡು ಉಳಿದಿದ್ದವು. ಅಷ್ಟೇ ಸಾಕಾಗಿದೆ. ಹಂತದಿಂದ ಹಂತಕ್ಕೆ ಹೋಗುವಾಗ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗೊಂದು ಎಲ್ಲ ತಿಕ್ಕಬೇಕಂತೆ.

"ದೂರದಿಂದ ಗೊತ್ತಾಗೂದಿಲ್ಲ ಬಿಡ್ರಿ. ಇಷ್ಟಕ್ಕ ಪಾಲಿಶ್ ಮಾಡಿ ಮುಗಸ್ರಿ" ಎಂದಳು ಶೇವಂತಿ.

ಹಿಂದಿನ ಹಂತಕ್ಕೆ ಹೋಗಿ ಮತ್ತೆ ಶುರು ಮಾಡಿದೆ. ಇನ್ನೂರ ಇಪ್ಪತ್ತು, ಎಂಟು ದಿನ. ಆಮೇಲೆ ನಾನೂರು.

ಹೊಳೆಪ್ಪನವರನ್ನು ರಬಕವಿಯ ಮನೆಗೆ ಕರೆತಂದಿದ್ದಾರೆ. ನೋಡಲು ಹೋಗಬೇಕು. ಹೋಗಲಾರೆ.

೧೦ ಏಪ್ರಿಲ್, ಭಾನುವಾರ

ಬೆಲ್ಟ್ ಹರಿಯಿತು. ಚನಮಲ್ಲಪ್ಪನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕಲ್ಲು ನಿಂತರೆ ಕೆಸರು ಒಳಗೇ ಗಟ್ಟಿಯಾಗುತ್ತದೆ ಎಂಬ ಕಳವಳದಲ್ಲಿ ಬನಹಟ್ಟಿ ಬಸ್ಸು ಹತ್ತಿಬಿಟ್ಟೆ. ಆ ಜಾಗ ಬಂದಾಗ ಕಣ್ಣು ಮುಚ್ಚಬೇಕೆಂದಿದ್ದೆ. ಮುಚ್ಚಲಿಲ್ಲ. ಬೇವಿನ ಮರ, ಕಾಲುವೆಯ ಸಣ್ಣ ಸೇತುವೆ. ಅಲ್ಲಿ ಏನೂ ಇರಲಿಲ್ಲ.

ಚನಮಲ್ಲಪ್ಪ ಬೆಲ್ಟ್ ಕೊಟ್ಟು, "ಬಂದೀದಿ, ನಡಿ, ಹೊಳೆಪ್ಪನ್ನ ನೋಡ್ಕೊಂಡ ಹೋಗು. ನಾ ಇರ್ತೀನಿ" ಎಂದ. ಇಲ್ಲವೆನ್ನಲು ಆಗಲಿಲ್ಲ. ಅವನ ಮೋಟರ್‌ಸೈಕಲ್ ಮೇಲೆ ರಬಕವಿಗೆ ಬಂದೆವು.

ಓಣಿಯ ಎಲ್ಲ ಮನೆಯಲ್ಲೂ ಮಗ್ಗದ ಖಟಖಟ. ಅವರ ಮನೆಯಲ್ಲಿ ಇಲ್ಲ. ಎರಡು ಮಗ್ಗದ ಮೇಲೂ ಹಳೆ ಬಟ್ಟೆ ಹೊದಿಸಿದ್ದರು. ಹೊಳೆಪ್ಪ ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲ ಕೆಳಗೆ ಚರ್ಮ ತೂರಿ ಹೊರಗೆ ಬಂದ ಕಬ್ಬಿಣದ ಸಳಿಗಳು. ನೆಲದ ಮೇಲೆ ಅವರ ಹೆಂಡತಿ ಕರೆವ್ವ ಕೂಲಿಗೆ ಮಂದಿಯ ನೂಲು ಸುತ್ತುತ್ತಿದ್ದರು. ಚನಮಲ್ಲಪ್ಪ ನಾನು ಯಾರೆಂದು ಹೇಳಿದ. ಬೈಯುತ್ತಾರೆ, ಬೈಯಲಿ ಎಂದು ನಿಂತಿದ್ದೆ.

ಹೊಳೆಪ್ಪ ಎರಡೂ ಕೈ ಮುಗಿದರು.

"ಡ್ರೈವರ್ ಸಾಹೇಬ್ರ, ಬರ್ರಿ, ಕೂಡ್ರಿ. ನಾನಽ ಬಂದು ನಿಮಗ ತಪ್ಪಾತು ಅನ್ನಬೇಕಾಗಿತ್ತು. ಕಾಲ ಇಲ್ಲ ನೋಡ್ರಿ. ನನ್ನ ದೆಸಿಯಿಂದ ನಿಮ್ಮ ನೌಕರಿಗಿ ಕುತ್ತ ಬಂತು."

ಅವರು ತೋರಿಸಿದಲ್ಲಿ ಕೂತೆ.

"ನಲವತ್ತ ವರ್ಷ ಅದಽ ದಾರಿ ತುಳದೇನ್ರಿ. ಒಮ್ಮಿನೂ ಅಡ್ಡ ಹೊಡದಾಂವ ಅಲ್ಲ. ಅವತ್ತ ನನ್ನ ತಲ್ಯಾಗ ಏನ ಹೊಕ್ಕಿತ್ತೋ. ನೂಲ ಕಟಗೊಂಡದ್ದ ನೆನಪೈತಿ, ಮುಂದಿಂದ ಏನೂ ಇಲ್ಲ. ನೀವ ನೋಡೀರಿ, ಹೇಳ್ರಿ ನನಗ. ನಾ ಯಾಕ ಬಲಕ್ಕ ಬಂದ್ನಿ?"

ಕರೆವ್ವ ನೂಲಿನಿಂದ ತಲೆ ಎತ್ತಲಿಲ್ಲ. "ದಿನಾ ಇದಽ ಕೇಳ್ತಾರ್ರಿ. ಎಡಕ್ಕ ಇದ್ನೋ, ಬಲಕ್ಕ ಇದ್ನೋ. ಮೊದಲ ಮೊದಲ ನಾನೂ ಬೈದೆ, ಕಣ್ಣ ಎಲ್ಲಿ ಇಟ್ಟಿದ್ದಿ, ಮನಿ ಮುಳಗಿಸಿದಿ ಅಂತ. ಈಗ ಉಣ್ಣೂದಽ ಬಿಟ್ಟಾರ. ಅರ್ಧ ರೊಟ್ಟಿ ತಿಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ."

ಚಹಾ ಕೊಟ್ಟರು. ಕುಡಿದೆ. ಅವರ ಚಹಾ ಕುಡಿದು, ಬೆಲ್ಟ್ ಹಿಡಿದುಕೊಂಡು ಮನೆಗೆ ಬಂದೆ.

೧೨ ಏಪ್ರಿಲ್, ಮಂಗಳವಾರ

ಡಬ್ಬಿ ತಿರುಗುತ್ತಿದೆ. "ನಾ ಯಾಕ ಬಲಕ್ಕ ಬಂದ್ನಿ, ನಾ ಯಾಕ ಬಲಕ್ಕ ಬಂದ್ನಿ." ಬೇರೆ ಏನೂ ಕೇಳಿಸುತ್ತಿಲ್ಲ.

೨೩ ಏಪ್ರಿಲ್, ಶನಿವಾರ

ಶೇವಂತಿಗೆ ಹೇಳಿದೆ. ಕಿಟಕಿಯ ಪಕ್ಕ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಹೊರಗಿನ ಗಾಳಿಗೆ ಎಲೆ ಹಾರುತ್ತಿದ್ದವು. ಎಲ್ಲ ಕೇಳಿ, ಕೈಯಲ್ಲಿದ್ದ ಸಿವುಡು ಕೆಳಗಿಟ್ಟಳು.

"ಇನ್ನ ಏನ ಮಾಡೂರು?"

"ವಿಚಾರಣ್ಯಾಗ ಹೇಳ್ತೀನಿ. ಹೊಳೆಪ್ಪನವರಿಗೂ ಹೇಳ್ತೀನಿ."

"ಮನೀಷಾಗ?"

"ಆಕಿಗೂ."

"ನಿಮ್ಮ ಮನಸ ಹಗುರ ಮಾಡ್ಕೊಳ್ಳಾಕ ಆಕಿ ತಲಿ ಮ್ಯಾಲ ಹೊರಸ್ತೀರೇನ್ರಿ? ಆ ಹಿರ್ಯಾ ಬದುಕ್ಯಾನಲ್ಲ. ಸುಮ್ಮ ಇರ್ರಿ."

"ಅಂವ ತಂದಽ ತಪ್ಪು ಅನ್ಕೊಂಡು ಊಟಾ ಬಿಟ್ಟಾನ ಶೇವಂತಿ."

ಅವಳು ಎದ್ದು ಒಳಗೆ ಹೋದಳು. ಅವಳು ಹೇಳಿದ್ದರಲ್ಲೂ ತಪ್ಪಿಲ್ಲ. ಅದೇ ಸಂಕಟ.

೨೯ ಏಪ್ರಿಲ್, ಶುಕ್ರವಾರ

ಶೇವಂತಿ ಮಾತು ಬಿಟ್ಟು ಆರು ದಿನ. ಕಲ್ಲು ಪಾಲಿಶ್ ಹಂತದಲ್ಲಿವೆ. ಇಲಾಖೆಯ ವಿಚಾರಣೆ ಮೇ ಆರಕ್ಕೆ.

೪ ಮೇ, ಬುಧವಾರ

ಮನೀಷಾ ಪರೀಕ್ಷೆ ಮುಗಿಸಿ ಮೊನ್ನೆ ಬಂದಿದ್ದಾಳೆ. ಇವತ್ತು ಬೆಳಗ್ಗೆ ಅವಳೇ ಡಬ್ಬಿ ತೆರೆದಳು. ಸೋಪಿನ ನೀರಿನಲ್ಲಿ ತೊಳೆದು ಅವಳ ಅವ್ವನ ಹಳೆ ಸೀರೆಯ ಮೇಲೆ ಹರವಿದೆವು. ಇಪ್ಪತ್ತಾರು ಕಲ್ಲು. ಐದು ಮಂಕಾಗಿಯೇ ಉಳಿದಿವೆ, ಎರಡು ಸೀಳಿವೆ. ಉಳಿದವು ಒಣಗಿದ ಮೇಲೂ ಒದ್ದೆಯಾದಂತೆಯೇ ಇದ್ದವು. ಅಕೀಕಿನೊಳಗೆ ಈರುಳ್ಳಿಯ ಪದರದಂಥ ಗೆರೆ. ಶೇವಂತಿ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಬರಲಿಲ್ಲ.

ಆಗಲೇ ಮಗಳಿಗೆ ಹೇಳಿದೆ. "ಅವ್ವಾ, ಅವತ್ತ ಸೈಕಲ್ ಅಡ್ಡ ಬರಲಿಲ್ಲ. ನಾ ಫೋನ್ ನೋಡಾಕತ್ತಿದ್ದೆ."

ಅವಳು ಕಲ್ಲು ಒರೆಸುವುದನ್ನು ನಿಲ್ಲಿಸಲಿಲ್ಲ. "ನಂದು," ಎಂದಳು.

"ನಿನಗ ಹ್ಯಾಂಗ ಗೊತ್ತು?"

"ಮಧ್ಯಾಹ್ನ ಅವ್ವ ಹೇಳಿದ್ಲು, ಆರು ನಲವತ್ತಕ್ಕ ಹಿಂಗಾತು ಅಂತ. ನನ್ನ ಫೋನ್ ತಗದು ನೋಡಿದೆ. ಆರು ನಲವತ್ತು. ಅವತ್ತಿಂದ ಗೊತ್ತೈತಿ ಅಪ್ಪಾ."

ಜನವರಿಯಿಂದ. ಸಂಕ್ರಾಂತಿಗೆ ಬಂದು ನನ್ನ ಮುಂದೆ ಕಲ್ಲು ಸುರಿದಾಗಲೂ ಅವಳಿಗೆ ಗೊತ್ತಿತ್ತು. ದಿನವೂ ಫೋನ್ ಮಾಡಿ ಪುಡಿ ಎಷ್ಟು, ನೀರು ಎಷ್ಟು ಎಂದು ಕೇಳಿದಾಗಲೂ.

"ನೀ ಹೇಳ್ಲಿಲ್ಲ. ನನ್ನ ಮ್ಯಾಲ ಸಿಟ್ಟ ಇರಬೇಕು ಅನ್ಕೊಂಡೆ. ಅದಕ್ಕ ನಾನೂ ಕೇಳ್ಲಿಲ್ಲ."

"ನಿನ್ನ ಮ್ಯಾಲ ಎಂಥಾ ಸಿಟ್ಟ? ರಿಂಗ್ ಆಗಿದ್ದು ಫೋನು. ತಗದು ನೋಡಿದಾಂವ ನಾನು."

ಆಮೇಲೆ ಅವಳು ಅತ್ತಳು, ಸಣ್ಣವಳಿದ್ದಾಗ ಅಳುತ್ತಿದ್ದಂತೆ ಸದ್ದು ಮಾಡಿ. "ನಾ ಯಾಕ ಮಾಡಿದ್ದೆ ಗೊತ್ತೇನು? ಹಾಸ್ಟೆಲ್ ಮುಂದ ಭಾಳ ಮಂಜ ಬಿದ್ದಿತ್ತು. ಅಲ್ಲೂ ಬಿದ್ದಿದ್ರ... ಗಾಡಿ ಹುಷಾರಿಲೆ ಹೊಡಿ ಅಂತ ಹೇಳಾಕ."

ಬಾಗಿಲಲ್ಲಿದ್ದ ಶೇವಂತಿ ಬಂದು ಅವಳ ಪಕ್ಕ ನೆಲಕ್ಕೇ ಕೂತಳು. ಉಳಿದ ಕಲ್ಲನ್ನು ಮೂವರೂ ಕೂಡಿ ಒರೆಸಿದೆವು. ಕೊನೆಗೆ ಶೇವಂತಿಯೇ ಅಂದಳು, "ಶುಕ್ರವಾರ ಎಷ್ಟಕ್ಕ ಹೋಗಬೇಕ್ರಿ? ಬುತ್ತಿ ಕಟ್ತೀನಿ."

೭ ಮೇ, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ವಿಚಾರಣೆ ಬಾಗಲಕೋಟೆಯಲ್ಲಿತ್ತು. ಅಧಿಕಾರಿ ನನ್ನ ಫೆಬ್ರವರಿಯ ಉತ್ತರ ಓದಿ, "ಇದನ್ನ ಖಾತ್ರಿ ಮಾಡ್ತೀರಾ?" ಎಂದರು. ಇಲ್ಲ ಎಂದೆ. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹೇಳಿದೆ, ಮೊದಲಿಂದ ಕೊನೆಯವರೆಗೆ. "ಹೀಗೆ ಬರ್ಕೊಂಡ್ರೆ ನಿಮಗೆ ಕಷ್ಟ ಆಗುತ್ತೆ, ಗೊತ್ತಿದೆಯಲ್ಲ?" ಎಂದರು. ಗೊತ್ತಿದೆ ಎಂದೆ. ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಯಮನಪ್ಪ ನಾನು ಬಂದದ್ದನ್ನು ನೋಡಿ ಎದ್ದು ಹೋದ.

ಸಂಜೆ ಮುಧೋಳದ ಮೇಲಿನ ಬಸ್ಸು ಹಿಡಿದೆ. ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ರಬಕವಿಯಲ್ಲಿ ಇಳಿದು ಒಬ್ಬನೇ ಹೋದೆ.

ಹೊಳೆಪ್ಪ ಅದೇ ಹೊರಸಿನ ಮೇಲೆ ಇದ್ದರು. ನಾನು ಕೂಡಲಿಲ್ಲ.

"ನೀವು ಕೇಳಿದ್ರಿ, ಬಲಕ್ಕ ಯಾಕ ಬಂದ್ನಿ ಅಂತ. ನೀವು ಬಂದಿಲ್ಲರಿ. ರಸ್ತೇದ ಎಡಕ್ಕ ಇದ್ರಿ. ನೆಟ್ಟಗ ಹೊಂಟಿದ್ರಿ. ನಾ ಫೋನ್ ನೋಡ್ಕೋತ ಹಿಂದಿಂದ ಬಂದು ಹೊಡದೆ. ಇವತ್ತ ಸಾಹೇಬ್ರ ಮುಂದನೂ ಅದನ್ನ ಬರಸಿ ಬಂದೀನಿ."

ಪಕ್ಕದ ಮನೆಯ ಮಗ್ಗ ಓಡುತ್ತಲೇ ಇತ್ತು. ಕರೆವ್ವ ಎದ್ದು ನಿಂತರು. ಸುತ್ತುತ್ತಿದ್ದ ನೂಲು ಕೈಯಲ್ಲೇ ಇತ್ತು. "ನಾಕ ತಿಂಗಳ..." ಎಂದರು. "ನಾಕ ತಿಂಗಳ ನಾ ಇವನ್ನ ಬೈದೇನಿ. ಹಾಸಿಗ್ಯಾಗ ಬಿದ್ದಾವನ್ನ ಬೈದೇನಿ. ನೀವು ಮನ್ಯಾಗ ಕೂತು ಚಾ ಕುಡದ ಹೋದ್ರಿ!" ಇನ್ನೂ ಏನೇನೋ ಅಂದರು. ಅಂದದ್ದೆಲ್ಲ ಖರೆ. ನಿಂತು ಕೇಳಿದೆ.

ಹೊಳೆಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಅವರಿಗೆ ನಾನು ಅಲ್ಲಿದ್ದೇನೆ ಎಂಬುದೂ ಮರೆತಂತಿತ್ತು.

"ಕರೆವ್ವಾ," ಎಂದರು. "ಕರೆವ್ವಾ, ಸುಮ್ಮ ಇರು. ಕೇಳಿದ್ಯೇನು? ನಾ ನೆಟ್ಟಗ ಹೊಂಟಿದ್ನಿ."

೧೪ ಜೂನ್, ಮಂಗಳವಾರ

ಆದೇಶ ಬಂತು. ಅಮಾನತು ತೆರವು. ಮೂರು ವರ್ಷದ ಬಡ್ತಿ ತಡೆ, ಒಂದು ವರ್ಷ ಸ್ಟೇರಿಂಗ್ ಮುಟ್ಟುವಂತಿಲ್ಲ, ಡಿಪೊದಲ್ಲಿ ಟಾಯರ್ ವಿಭಾಗದ ಕೆಲಸ. ಕೋರ್ಟಿನ ಕೇಸು ನಡೆಯುತ್ತಿದೆ, ಶಿಕ್ಷೆ ಆಗಬಹುದು ಎಂದಿದ್ದಾರೆ ವಕೀಲರು. ನೋಡದ್ದನ್ನು ನೋಡಿದೆ ಎಂದದ್ದಕ್ಕೆ ಯಮನಪ್ಪನಿಗೂ ನೋಟಿಸು. ಆದೇಶ ತರಲು ಡಿಪೊಗೆ ಹೋದಾಗ ಎದುರಾಗಿ ಮುಖ ತಿರುಗಿಸಿದ. ಅವನ ಮನೆಗೆ ಒಮ್ಮೆ ಹೋಗಬೇಕು.

ಎರಡನೆಯ ಸಲದ ಕಲ್ಲು ಹಾಕಿ ಐದು ದಿನವಾಯಿತು. ಈ ಸಲ ಸುಣ್ಣದ ಕಲ್ಲು ಒಂದೂ ಇಲ್ಲ.

ಸಂಜೆ ಕರೆವ್ವ ಫೋನ್ ಮಾಡಿದ್ದರು. ಅವರ ಧ್ವನಿ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ನಿಮ್ಮನ್ನ ನಾ ಮಾಫ್ ಮಾಡಿಲ್ಲರಿ. ಅದು ನೆನಪಿರ್ಲಿ."

"ಹೌದ್ರಿ."

"ನಾಳೆ ಇವರನ್ನ ಮಿರಜಿಗಿ ಕರಕೊಂಡ ಹೋಗಬೇಕು, ಕಾಲಿನ ಸಳಿ ತಗಸಾಕ. ಬಸ್ ಹತ್ತಸೂದು, ಇಳಸೂದು ನನ್ನ ಒಬ್ಬಾಕಿ ಕೈಲಿ ಆಗೂದಿಲ್ಲ. ಬರ್ತೀರೇನು?"

"ಬರ್ತೀನ್ರಿ."

"ಏಳರ ಬಸ್ಸು. ತಡಾ ಮಾಡಬ್ಯಾಡ್ರಿ."

ರಬಕವಿ ಸ್ಟ್ಯಾಂಡಿನಲ್ಲಿ ಆರೂವರೆಗೇ ಇರಬೇಕು. ಶೇವಂತಿಗೆ ಹೇಳಿದ್ದೇನೆ, ಬರುವುದು ರಾತ್ರಿಯಾಗಬಹುದು, ಕರೆಂಟ್ ಹೋಗಿ ಡಬ್ಬಿ ನಿಂತರೆ ನಿಲ್ಲಲಿ, ಬಂದು ನೋಡಿಕೊಳ್ಳುತ್ತೇನೆ ಎಂದು.